ಮಣ್ಣಿನ ಗ್ವಾಡಿಗೆ ಸಿಮೆಂಟಿನ ಅಂಗಿ: ನಮ್ಮ ಲೆಕ್ಕ ಎಲ್ಲಿ ತಪ್ಪಿತು?

ಹೋದ ಸೆಪ್ಟೆಂಬರ್‌ನಲ್ಲಿ ಬಿಜ್ಜರಗಿಯಲ್ಲಿರೋ ನಮ್ಮ ಮನೆಯ ಪಶ್ಚಿಮದ ಗೋಡೆ ಬಿತ್ತು. ಪೂರ್ತಿ ಅಲ್ಲ. ಮೂವತ್ತು ಅಡಿ ಉದ್ದದ ಗೋಡೆಯಲ್ಲಿ ಹತ್ತು ಅಡಿ. ಮೂರು ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ನಾಲ್ಕನೇ ದಿನ ಬಿಸಿಲು ಬಿದ್ದ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ ಬಿತ್ತು. ಆಯಿ ದಿನಾ ಮಲಗೋದು ಆ ಗೋಡೆಯ ಪಕ್ಕದಲ್ಲೇ. ಅವತ್ತು ಊಟ ಮಾಡಿ ಹೊರಗೆ ಕಟ್ಟೆ ಮೇಲೆ ಕೂತಿದ್ದಳು. ಅಷ್ಟೇ, ಉಳಿದಳು.

ನಾವು ಹಾಸ್ಟೆಲ್‌ನಲ್ಲಿದ್ದೆವು. ಫೋನ್ ಬಂತು. ಶನಿವಾರ ಬಸ್ ಹಿಡಿದು ತಿಕೋಟಾ ದಾಟಿ ಊರು ಮುಟ್ಟಿ ನೋಡಿದರೆ, ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ಸಿಮೆಂಟ್ ಪ್ಲಾಸ್ಟರಿನ ತುಂಡುಗಳು ದೊಡ್ಡ ದೊಡ್ಡ ಹಪ್ಪಳದ ಹಾಗೆ ಇಡಿಯಾಗಿ ಬಿದ್ದಿದ್ದವು. ಸಿಮೆಂಟ್ ಗಟ್ಟಿಯಾಗೇ ಇತ್ತು. ಅದರ ಹಿಂದಿನ ಮಣ್ಣು ಮಾತ್ರ ಎರಡು ದಿನ ಬಿಸಿಲು ಉಂಡರೂ ಇನ್ನೂ ಹಸಿ.

ಅಪ್ಪ ಒಂದೇ ಮಾತು ಕೇಳಿದರು: "ಇಂಜಿನಿಯರಿಂಗ್ ಓದಾಕತ್ತಿಯಲ್ಲ, ಈಗ ಏನ್ ಮಾಡೂಣು ಹೇಳು. ಎಷ್ಟ ಬೀಳ್ತದ, ಲೆಕ್ಕಾ ತಗಿ."

ನಾವು ಸಿವಿಲ್ ಎರಡನೇ ವರ್ಷ. ಬೀಮ್ ಕೊಟ್ಟರೆ ಬೆಂಡಿಂಗ್ ಮೊಮೆಂಟ್ ತೆಗೀತೀವಿ. ಎಂ20 ಕಾಂಕ್ರೀಟಿನ ಮಿಕ್ಸ್ ಹೇಳ್ತೀವಿ. ನಮ್ಮ ಮನೆಯ ಗೋಡೆ ಯಾಕೆ ಬಿತ್ತು ಅಂತ ಹೇಳೋಕೆ ಮಾತ್ರ ಬರಲಿಲ್ಲ. ಇನ್ನೂ ಒಂದು ನಾಚಿಕೆ ಆಯ್ತು. ಗೌಂಡಿ ಕಾಕಾ ಬಂದು ನೋಡಿ, "ಗಿಲಾವ ಬಿಟ್ಟ್ ಬಿದ್ದೈತ್ರಿ, ಒಳಗ ನೀರ್ ಕುಂತಿತ್ತು" ಅಂದರು. ಗಿಲಾವ ಅಂದ್ರೆ ಪ್ಲಾಸ್ಟರ್ ಅಂತ ನಮಗೆ ತಿಳಿದದ್ದು ಐದು ನಿಮಿಷ ಬಿಟ್ಟು. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಓದಿದ್ದರ ಫಲ ಅದು.

ಅಪ್ಪ ಕೇಳಿದ ಲೆಕ್ಕ ತೆಗೆಯೋಕೆ ನಮಗೆ ನಾಲ್ಕು ತಿಂಗಳು ಹಿಡೀತು. ಅದನ್ನ ಇಲ್ಲಿ ನಿಮ್ಮ ಮುಂದೆ ಇಡ್ತಾ ಇದ್ದೀವಿ. ಈ ಕ್ಯಾಂಪಸ್‌ನಲ್ಲಿ ಇಂಥ ಮನೆಗಳಿಂದ ಬಂದವರು ಬಹಳ ಜನ ಇದ್ದೀವಿ, ಆದರೆ ಯಾರೂ ಅದನ್ನ ಬಾಯಿಬಿಟ್ಟು ಹೇಳಲ್ಲ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ ಹೊಡೆಸೋದು ಅಗ್ಗದ ರಿಪೇರಿ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಅಗ್ಗ ಅಲ್ಲ, ರಿಪೇರಿನೂ ಅಲ್ಲ. "ಹಳೇದು ಕೆಡವಿ ಆರ್‌ಸಿಸಿ ಹಾಕ್ರಿ" ಅನ್ನೋದೂ ಎಲ್ಲರ ಕೈಗೆ ಎಟಕೋ ಉತ್ತರ ಅಲ್ಲ. ಈ ಎರಡರ ನಡುವೆ ಒಂದು ದಾರಿ ಇದೆ. ಅದರ ಲೆಕ್ಕ ಹಾಕಿಕೊಡಬೇಕಾದವರು ನಾವು, ಅಂದ್ರೆ ಇಂಜಿನಿಯರಿಂಗ್ ಕಲಿಯೋ ಹುಡುಗ ಹುಡುಗಿಯರು.

ಬಿಸಿಲ ನಾಡಿಗೆ ಮಳೆಯ ಚಿಂತೆ ಯಾಕೆ?

ವಿಜಯಪುರ ಜಿಲ್ಲೆ ಅಂದರೆ ಬರ, ಬಿಸಿಲು ಅಂತಲೇ ಎಲ್ಲರಿಗೂ ಗೊತ್ತು. ವರ್ಷಕ್ಕೆ ಬೀಳೋದು ಸುಮಾರು 600 ಮಿ.ಮೀ. ಮಳೆ. ಕರಾವಳಿಯಲ್ಲಿ ಇದರ ಐದಾರು ಪಟ್ಟು, 3,500 ಮಿ.ಮೀ.ಗಿಂತ ಹೆಚ್ಚು ಬೀಳುತ್ತೆ. ಹಾಗಾದರೆ ಅಲ್ಲಿಯ ಗೋಡೆ ಬೀಳಬೇಕು, ನಮ್ಮದಲ್ಲ ಅನ್ನಿಸುತ್ತೆ. ಆದರೆ ನಮ್ಮ ಕಡೆ ಮಳೆ ಹಂಚಿಕೊಂಡು ಬೀಳಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿರುಗಾಳಿ, ಆಲಿಕಲ್ಲು. ಆ ಗಾಳಿಗೆ ಒಣದ್ರಾಕ್ಷಿ ಶೆಡ್ಡಿನ ನೆಟ್ ಹರಿಯೋದು, ಪತ್ರಾಸ್ ಹಾರಿ ಪಕ್ಕದ ಹೊಲಕ್ಕೆ ಬೀಳೋದು ತಿಕೋಟಾ ಭಾಗದ ಯಾವ ದ್ರಾಕ್ಷಿ ಬೆಳೆಗಾರರನ್ನ ಕೇಳಿದರೂ ಹೇಳ್ತಾರೆ. ಆಮೇಲೆ ಜೂನ್, ಜುಲೈ ಒಣ ಹೋಗಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಮ್ಮೆಲೇ ಹಿಡಿಯುತ್ತೆ. ತಿಂಗಳುಗಟ್ಟಲೆ ಕಾದು ಬಿರುಕು ಬಿಟ್ಟ ಗೋಡೆಗೆ ಮೂರು ದಿನದಲ್ಲಿ ನೀರು ಕುಡಿಸಿದ ಹಾಗೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕದಲ್ಲಿ ಏನಾಯ್ತು ಅಂತ ನಿಮ್ಮ ಮನೆಯ ಹಿರಿಯರನ್ನ ಕೇಳಿ. ನಮಗಾಗ ಮೂರು ವರ್ಷ, ನೆನಪಿಲ್ಲ. ಆ ಮಳೆ, ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆಗ ಬಿಜಾಪುರ ಅಂತ ಇದ್ದ ನಮ್ಮ ಜಿಲ್ಲೆ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು. ಸತ್ತವರಲ್ಲಿ ಎಲ್ಲರೂ ಹೊಳೆ ನೀರಲ್ಲಿ ಹೋದವರಲ್ಲ. ಮನೆಯಲ್ಲೇ ಮಲಗಿದ್ದಾಗ ನೆನೆದ ಮಣ್ಣಿನ ಗೋಡೆ, ಮಾಳಿಗೆ ಮೈಮೇಲೆ ಬಿದ್ದು ಸತ್ತವರು ಬಹಳ. ಆಯಿ ಈಗಲೂ ಮಳೆ ಹಿಡಿದರೆ ರಾತ್ರಿ ಎದ್ದು ಗೋಡೆಗೆ ಕೈ ಹಚ್ಚಿ ನೋಡ್ತಾಳೆ. ಮೊದಲು ನಮಗೆ ಅದು ನಗು ಬರೋ ವಿಷಯ ಆಗಿತ್ತು.

ಗೋಡೆ ಯಾಕೆ ಬಿತ್ತು?

ನಮ್ಮದು ಮುತ್ಯಾನ ಕಾಲದ ಮನೆ. ಕಟ್ಟಿಗೆ ಕಂಬ, ಅದರ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಸುತ್ತ ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಹತ್ತು ಅಡಿ ಗೋಡೆ ಬಿದ್ದರೂ ಮಾಳಿಗೆ ಬೀಳಲಿಲ್ಲ, ಯಾಕಂದ್ರೆ ಭಾರ ಹೊತ್ತಿದ್ದು ಕಂಬ. ಅಂದ್ರೆ ಈ ಹೊರಗೋಡೆ ಮನೆಗೆ ಉಟ್ಟ ಬಟ್ಟೆ ಇದ್ದ ಹಾಗೆ. ಎಲ್ಲ ಮನೆಯೂ ಹೀಗಿರಲ್ಲ ಅನ್ನೋದು ನೆನಪಿಡಿ. ಬಹಳ ಮನೆಗಳಲ್ಲಿ ತೊಲೆಯ ತುದಿ ನೇರ ಗೋಡೆ ಮೇಲೆ ಕೂತಿರುತ್ತೆ. ಅಲ್ಲಿ ಗೋಡೆ ಹೋದರೆ ಮಾಳಿಗೆಯೂ ಹೋಗುತ್ತೆ.

2017ರ ಬೇಸಿಗೆಯಲ್ಲಿ ಅಪ್ಪ ಆ ಪಶ್ಚಿಮದ ಗೋಡೆಗೆ ಸಿಮೆಂಟ್ ಗಿಲಾವ ಹೊಡೆಸಿದ್ದರು. ಓಣಿಯಲ್ಲಿ ಎಲ್ಲರೂ ಹೊಡೆಸಿದ್ದರು. ಪ್ರತಿ ವರ್ಷ ಮಣ್ಣು ಕಲಸಿ ಮೆತ್ತೋ ಕೆಲಸ ತಪ್ಪಿತು ಅಂತ ಅವ್ವನಿಗೂ ಖುಷಿ. ಬಣ್ಣ ಬಳಿದ ಮೇಲೆ ಮನೆ ಪಕ್ಕಾ ಮನೆ ಥರ ಕಾಣ್ತಿತ್ತು. ಆಯಿ ಮಾತ್ರ "ಗ್ವಾಡಿಗಿ ಉಸರಾಡಾಕ ಬಿಡ್ರಿ" ಅಂದಿದ್ದಳಂತೆ. ಯಾರೂ ಕೇಳಲಿಲ್ಲ.

ಈಗ ಓದಿ, ಕೇಳಿ ತಿಳಿದದ್ದು ಇಷ್ಟು. ಮಣ್ಣಿನ ಗೋಡೆ ನೀರು ಕುಡಿಯುತ್ತೆ, ಬಿಸಿಲಿಗೆ ಬಿಡುತ್ತೆ. ಒಣಗಿದಾಗ ಅದಕ್ಕೆ ಸಾಕಷ್ಟು ಶಕ್ತಿ ಇದೆ, ನೆನೆದರೆ ಆ ಶಕ್ತಿಯಲ್ಲಿ ಬಹುಪಾಲು ಹೋಗುತ್ತೆ. ಸಿಮೆಂಟ್ ಗಿಲಾವ ಗಡುಸು, ಮಣ್ಣು ಮೆದು. ಬಿಸಿಲಿಗೆ, ತೇವಕ್ಕೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತವೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುತ್ತೆ, ಹಾಗಾಗಿ ಎರಡು ಮೂರು ವರ್ಷದಲ್ಲಿ ಕೂದಲೆಳೆ ಬಿರುಕು ಬಂದೇ ಬರುತ್ತೆ. ಆ ಬಿರುಕಿನಿಂದ ಮಳೆ ನೀರು ಒಳಗೆ ಹೋಗುತ್ತೆ. ಒಳಗೆ ಹೋದ ನೀರು ಹೊರಗೆ ಬರೋಕೆ ದಾರಿ ಇಲ್ಲ, ಸಿಮೆಂಟ್ ಬಿಡಲ್ಲ. ಅದು ಇಳಿದು ಗೋಡೆಯ ಬುಡದಲ್ಲಿ ನಿಲ್ಲುತ್ತೆ. ಬುಡದಲ್ಲಿ ಬಿಳಿ ಉಪ್ಪು ಒಡೆಯೋಕೆ ಶುರುವಾದರೆ ಒಳಗೆ ತೇವ ಕೂತಿದೆ ಅಂತ ಅರ್ಥ. ನಮ್ಮ ಗೋಡೆಯಲ್ಲಿ ಮೂರು ವರ್ಷದಿಂದ ಉಪ್ಪು ಒಡೆದಿತ್ತು. ನಾವು ಅದರ ಮೇಲೆ ಬಣ್ಣ ಬಳಿದಿದ್ದೆವು.

ಇನ್ನೊಂದು ಕಾರಣ ಗೋಡೆಯ ಹೊರಗಿತ್ತು. ಓಣಿಗೆ ಎರಡು ಸಲ ಸಿಸಿ ರಸ್ತೆ ಆಗಿದೆ. ಹಳೇ ರಸ್ತೆ ಅಗೆಯದೆ ಅದರ ಮೇಲೇ ಹೊಸದು ಹಾಕಿದ್ದರಿಂದ ರಸ್ತೆ ಎತ್ತರವಾಯ್ತು, ಮನೆ ತಗ್ಗಾಯ್ತು. ಮೊದಲು ಮನೆಯಿಂದ ಓಣಿಗೆ ಹರಿಯೋ ನೀರು ಈಗ ಓಣಿಯಿಂದ ಗೋಡೆಯ ಬುಡಕ್ಕೆ ಬರುತ್ತೆ. ನಿಮ್ಮ ಊರಲ್ಲೂ ಹಳೇ ಮನೆಗಳ ಮುಂದೆ ನಿಂತು ನೋಡಿ. ಮೊದಲು ಮೆಟ್ಟಿಲು ಹತ್ತಿ ಒಳಗೆ ಹೋಗ್ತಿದ್ದ ಮನೆಗೆ ಈಗ ಇಳಿದು ಹೋಗಬೇಕಾಗಿದೆಯಾ?

ನೆಲವೂ ಎರೆ ಮಣ್ಣು. ನೆನೆದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರಿಯುತ್ತೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಹೋಗೋದು ನಾವೆಲ್ಲ ನೋಡಿದ್ದೀವಿ. ಅದರ ಮೇಲೆ ನಿಂತ ಗೋಡೆ ಪ್ರತಿ ವರ್ಷ ಸ್ವಲ್ಪ ಅಲುಗಾಡುತ್ತೆ. ಮಣ್ಣಿನ ಗಿಲಾವ ಆದರೆ ಆ ಬಿರುಕನ್ನ ಕೈಯಿಂದ ಒರೆಸಿ ಮುಚ್ಚಬಹುದು. ಸಿಮೆಂಟ್ ಒಮ್ಮೆ ಬಿರಿದರೆ ಬಿರಿದ ಹಾಗೇ.

ಬೇರೆ ಕಡೆ ಏನ್ ಮಾಡ್ತಾರೆ?

ಕರಾವಳಿಯಲ್ಲಿ ಅಷ್ಟು ಮಳೆಗೂ ಹಳೇ ಮಣ್ಣಿನ ಗೋಡೆಗಳು ನಿಂತಿವೆ. ಕಾರಣ, ಇಳಿಜಾರು ಹೆಂಚಿನ ಮಾಡು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು. ಜಗುಲಿಯ ಕಡೆ ಎರಚಲು ಹೊಡೆದರೆ ಮಳೆಗಾಲದ ಮುಂಚೆ ತೆಂಗಿನ ಮಡಲಿನ ತಟ್ಟಿ ಕಟ್ತಾರೆ, ಮಳೆ ಮುಗಿದ ಮೇಲೆ ತೆಗೀತಾರೆ. ಗೋಡೆಗೆ ನೀರು ತಾಗದ ಹಾಗೆ ನೋಡಿಕೊಳ್ಳೋದು ಮೊದಲ ಕೆಲಸ, ತಾಗಿದರೆ ತಡೆಯೋದು ಆಮೇಲಿನ ಮಾತು.

ಅಮೆರಿಕದ ಫ್ಲೋರಿಡಾ ಕಡೆ ಚಂಡಮಾರುತದ ಊರುಗಳಲ್ಲಿ ಕಟ್ಟಿಗೆಯ ಚೌಕಟ್ಟಿನ ಮನೆಗಳೂ ಇವೆ. ಹೊರಗೆ ಪ್ಲಾಸ್ಟಿಕ್, ಕಟ್ಟಿಗೆ ಇಲ್ಲಾ ಫೈಬರ್ ಸಿಮೆಂಟಿನ ಹಲಗೆ ಹೊಡೆದಿರ್ತಾರೆ, ಅದಕ್ಕೆ ಸೈಡಿಂಗ್ ಅಂತಾರೆ. ಅದನ್ನ ಬದಲಿಸೋ ಖರ್ಚು ಅಲ್ಲಿ ದೊಡ್ಡ ತಲೆನೋವು. ನಮಗೆ ಹಿಡಿಸಿದ್ದು ಅವರ ವಿಚಾರ. ಒಳ್ಳೇ ಕೆಲಸ ಮಾಡೋರು ಹಲಗೆಯ ಸಂದಿನಿಂದ ಸ್ವಲ್ಪ ನೀರು ಒಳಗೆ ಬಂದೇ ಬರುತ್ತೆ ಅಂತ ಮೊದಲೇ ಒಪ್ಪಿಕೊಂಡು, ಹಲಗೆಯ ಹಿಂದೆ ನೀರು ತಡೆಯೋ ಹಾಳೆ, ಅದು ಇಳಿದು ಹೋಗಿ ಒಣಗೋಕೆ ಜಾಗ ಇಡ್ತಾರೆ. 1992ರ ಆಗಸ್ಟ್‌ನಲ್ಲಿ ಆಂಡ್ರ್ಯೂ ಚಂಡಮಾರುತ ಸಾವಿರಾರು ಮನೆ ಕೆಡವಿದ ಮೇಲೆ ಫ್ಲೋರಿಡಾದವರು ನಿಯಮ ಬಿಗಿ ಮಾಡಿದರು, 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಜಾರಿಗೆ ತಂದರು. ನಮಗೆ 2009 ಆಯ್ತು. ಆಮೇಲೆ ನಾವು ಮಣ್ಣಿನ ಗೋಡೆ ಬಗ್ಗೆ ಕಲಿತದ್ದು ಏನು?

ಅಷ್ಟು ದೂರ ಹೋಗೋದೂ ಬೇಡ. ವಿಜಯಪುರದಲ್ಲೇ 1656ರ ಗೋಳಗುಮ್ಮಟ ನಿಂತಿದೆ, ಸುಣ್ಣದ ಗಾರೆಯ ಮೇಲೆ. ಸಿಮೆಂಟ್ ಆಗ ಇರಲಿಲ್ಲ. ಮುಂದಿನ ಸಲ ಹೋದಾಗ ಪಿಸುಗುಟ್ಟೋ ಗ್ಯಾಲರಿಯಲ್ಲಿ ಕೂಗಿ ಬರೋದರ ಜೊತೆಗೆ ಹೊರಗೆ ನಿಂತು ಮೇಲೆ ನೋಡಿ. ಗೋಡೆಯಿಂದ ಎಷ್ಟು ಮುಂದಕ್ಕೆ ಕಲ್ಲಿನ ಛಜ್ಜಾ ಚಾಚಿದ್ದಾರೆ ಅಂತ. ಬಾದಶಹನ ಕಲ್ಲಿನ ಗೋಡೆಗೂ ಛಜ್ಜಾ ಬೇಕಿತ್ತು. ನಮ್ಮ ಮಣ್ಣಿನ ಗೋಡೆಗೆ ಇರಲಿಲ್ಲ.

ಖರ್ಚಿನ ಲೆಕ್ಕ

ನಾಲ್ಕು ದಾರಿಗೆ ಲೆಕ್ಕ ತೆಗೆದೆವು. ಗೋಡೆ 30 ಅಡಿ ಉದ್ದ, 10 ಅಡಿ ಎತ್ತರ, ಅಂದ್ರೆ 300 ಚದರ ಅಡಿ. ಇವು ನಮ್ಮ ಊರಲ್ಲಿ ನಮಗೆ ಹೇಳಿದ ದರ. ನಿಮ್ಮ ಊರಲ್ಲಿ ಹೆಚ್ಚು ಕಡಿಮೆ ಇರಬಹುದು.

ಒಂದು: ಬಿದ್ದಲ್ಲಿ ಇಟ್ಟಂಗಿ ತುಂಬಿ, ಇಡೀ ಗೋಡೆಗೆ ಜಾಳಿಗೆ ಹಾಕಿ ಮತ್ತೆ ಸಿಮೆಂಟ್ ಗಿಲಾವ. ಗಿಲಾವಕ್ಕೆ ಚದರ ಅಡಿಗೆ 65ರ ಹಾಗೆ 19,500, ಇಟ್ಟಂಗಿ ಕೆಲಸಕ್ಕೆ 15,000. ಒಟ್ಟು 34,500 ರೂಪಾಯಿ.

ಎರಡು: ಪಶ್ಚಿಮದ ಗೋಡೆ ಪೂರ್ತಿ ತೆಗೆದು ಸಿಮೆಂಟ್ ಬ್ಲಾಕಿನ ಗೋಡೆ. ಬ್ಲಾಕ್, ಎರಡೂ ಕಡೆ ಗಿಲಾವ ಸೇರಿ 60,000. ಎರೆ ಮಣ್ಣು ಅಗೆದು ಗರಸು ತುಂಬಿ ಹೊಸ ಪಾಯಾ 45,000. ಮಾಳಿಗೆಗೆ ಆಸರೆ ಕೊಡೋದು 15,000. ಹಳೇ ಮಣ್ಣು ಸಾಗಿಸೋದು 10,000. ಒಟ್ಟು 1,30,000.

ಮೂರು: ಇಡೀ ಮನೆ ಕೆಡವಿ 800 ಚದರ ಅಡಿಯ ಆರ್‌ಸಿಸಿ ಮನೆ. ಚದರ ಅಡಿಗೆ 1,800 ಅಂದರೂ 14,40,000.

ನಾಲ್ಕು: ಸಿಮೆಂಟ್ ಗಿಲಾವ ಕಿತ್ತು ಹಾಕೋದು 2,400. ಗೋಡೆಯ ಬುಡಕ್ಕೆ ಎರಡು ಅಡಿ ಎತ್ತರ ಕಲ್ಲಿನ ಕಟ್ಟು 18,000. ಬಿದ್ದ ಹತ್ತು ಅಡಿ ಮತ್ತೆ ಮಣ್ಣಿನಿಂದ ಎಬ್ಬಿಸೋಕೆ ಗೌಂಡಿಗೆ 8 ದಿನ, 8,000. ಇಬ್ಬರು ಆಳಿಗೆ 9,600. ಎರಡು ಟ್ರ್ಯಾಕ್ಟರ್ ಮಣ್ಣು 3,000. ಮಣ್ಣು, ಸುಣ್ಣ, ಹೊಟ್ಟು ಕಲಸಿದ ಗಿಲಾವಕ್ಕೆ ಸಾಮಾನು 4,000, ಐದು ದಿನದ ಕೂಲಿ 11,000. ಗೋಡೆ ಉದ್ದಕ್ಕೂ ಎರಡೂವರೆ ಅಡಿ ಚಾಚಿದ ಪತ್ರಾಸಿನ ಛಜ್ಜಾ 12,000. ಒಟ್ಟು 68,000.

ಮೊದಲ ದಾರಿ ಎಲ್ಲಕ್ಕಿಂತ ಅಗ್ಗ ಅಂತ ಕಾಣುತ್ತೆ. ಆದರೆ ಅದೇ ದಾರಿಯಲ್ಲಿ 2017ರಲ್ಲಿ ಹೋಗಿ ಎಂಟು ವರ್ಷಕ್ಕೆ ಗೋಡೆ ಕಳಕೊಂಡೆವು. ಈಗಿನ 34,500 ಮತ್ತೆ ಎಂಟು ವರ್ಷಕ್ಕೇ ಮುಗಿದರೆ ಇಪ್ಪತ್ತು ವರ್ಷದಲ್ಲಿ ಮೂರು ಸಲ ಹಾಕಬೇಕು, 1,03,500. ಮತ್ತೆ ಬೀಳೋ ದಿನ ಆಯಿ ಎಲ್ಲಿ ಕೂತಿರ್ತಾಳೆ ಅನ್ನೋದಕ್ಕೆ ದರ ಇಲ್ಲ.

ನಾಲ್ಕನೇ ದಾರಿಗೆ ಪ್ರತಿ ವರ್ಷ ಮಳೆಗಾಲದ ಮುಂಚೆ ಒಂದು ದಿನದ ಕೆಲಸ ಬೇಕು. ಗೌಂಡಿ, ಒಬ್ಬ ಆಳು, ಸಾಮಾನು ಸೇರಿ 2,000. ಇಪ್ಪತ್ತು ವರ್ಷಕ್ಕೆ 40,000. ಒಟ್ಟು 1,08,000. ಎರಡನೇ ದಾರಿಗೆ ಐದು ವರ್ಷಕ್ಕೊಮ್ಮೆ ಬಣ್ಣ 6,000ದ ಹಾಗೆ ಮೂರು ಸಲ ಹಿಡಿದರೆ 1,48,000.

ಲೆಕ್ಕ ಪ್ರಾಮಾಣಿಕವಾಗಿ ನೋಡಿ. ಮಣ್ಣಿನ ಗೋಡೆ ಪುಕ್ಕಟೆ ಅಲ್ಲ. ಸಿಮೆಂಟ್ ಗಿಲಾವಕ್ಕಿಂತ ಇಪ್ಪತ್ತು ವರ್ಷದಲ್ಲಿ ಅದು ಅಗ್ಗವೂ ಆಗಲಿಲ್ಲ, ನಾಲ್ಕೂವರೆ ಸಾವಿರ ಹೆಚ್ಚೇ ಆಯ್ತು. ಇವತ್ತಿನ ಕೂಲಿಯಲ್ಲಿ ಮಣ್ಣು ಅಗ್ಗ ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಮಣ್ಣು ಅಗ್ಗ, ಕೈಕೆಲಸ ಅಗ್ಗ ಅಲ್ಲ. ವ್ಯತ್ಯಾಸ ಇರೋದು ಬೇರೆ ಕಡೆ. ಅದೇ ದುಡ್ಡಿಗೆ ಒಂದರಲ್ಲಿ ನಿಂತಿರೋ ಗೋಡೆ ಸಿಗುತ್ತೆ, ಇನ್ನೊಂದರಲ್ಲಿ ಮೂರು ಸಲ ಬಿದ್ದ ಗೋಡೆ.

ನಮ್ಮ ವಿರುದ್ಧದ ಮಾತುಗಳು

ಇದನ್ನ ಗೆಳೆಯರ ಮುಂದೆ ಹೇಳಿದಾಗ ಬಂದ ಮೊದಲ ಪ್ರಶ್ನೆ: "ಕಿಲ್ಲಾರಿ ಮರ್ತ್ರೇನು?" ಸರಿಯಾದ ಪ್ರಶ್ನೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ, ಅದೇ ಅವರನ್ನ ಕೊಂದಿದ್ದು. 2021, 2022ರಲ್ಲಿ ವಿಜಯಪುರ ಜಿಲ್ಲೆಯಲ್ಲೂ ನೆಲ ಹಲವು ಸಲ ಅಲುಗಿತು, ಜನ ರಾತ್ರಿ ಹೊರಗೆ ಓಡಿ ಬಂದರು. ಹಾಗಾಗಿ ಹಳೇ ಮನೆಯೆಲ್ಲ ಬಂಗಾರ ಅಂತ ನಾವು ಹೇಳ್ತಿಲ್ಲ. ತೊಲೆ ಗೆದ್ದಲು ತಿಂದಿದ್ದರೆ, ಗೋಡೆ ಹೊಟ್ಟೆ ಉಬ್ಬಿ ಹೊರಗೆ ಬಂದಿದ್ದರೆ, ಮಾಳಿಗೆ ಮೇಲೆ ವರ್ಷಾ ವರ್ಷಾ ಮಣ್ಣು ಹಾಕಿ ಭಾರ ಏರಿದ್ದರೆ, ಅಲ್ಲಿ ಮಲಗಬಾರದು. ಆದರೆ ಸಿಮೆಂಟ್ ಗಿಲಾವ ಹೊಡೆಸಿದರೆ ಭೂಕಂಪಕ್ಕೆ ಆ ಗೋಡೆ ಗಟ್ಟಿಯಾಗಲ್ಲ. ಬಿರುಕು ಕಾಣದ ಹಾಗೆ ಮುಚ್ಚುತ್ತೆ ಅಷ್ಟೇ. ಮಣ್ಣಿನ ಕಟ್ಟಡವನ್ನ ಭೂಕಂಪಕ್ಕೆ ಹೇಗೆ ಬಲಪಡಿಸಬೇಕು ಅಂತ ಐಎಸ್ 13827 ಅನ್ನೋ ಮಾರ್ಗಸೂಚಿ 1993ರಿಂದಲೇ ಇದೆ. ನಾವು ಅದರ ಹೆಸರು ಕೇಳಿದ್ದು ನಮ್ಮ ಗೋಡೆ ಬಿದ್ದ ಮೇಲೆ.

ಎರಡನೇ ಮಾತು ಮರ್ಯಾದೆಯದು. ಮಣ್ಣಿನ ಮನೆ ಇದ್ದರೆ ಹೆಣ್ಣು ಕೊಡೋರು ಹಿಂದೆ ಮುಂದೆ ನೋಡ್ತಾರೆ. ಹಾಸ್ಟೆಲ್‌ನಲ್ಲಿ ಮನೆಯ ಫೋಟೋ ತೋರಿಸೋಕೆ ನಾವೇ ಹಿಂಜರಿದಿದ್ದೀವಿ, ಸುಳ್ಳು ಯಾಕೆ ಹೇಳೋದು. ಅಪ್ಪ 2017ರಲ್ಲಿ ಗಿಲಾವ ಹೊಡೆಸಿದ್ದರಲ್ಲಿ ಅರ್ಧ ಕಾರಣ ಇದೇ. ಇದಕ್ಕೆ ಲೆಕ್ಕದಲ್ಲಿ ಉತ್ತರ ಇಲ್ಲ. ಇಷ್ಟು ಮಾತ್ರ ಹೇಳಬಹುದು: ಸುಣ್ಣದ ಗಿಲಾವ ಚೆನ್ನಾಗಿ ತಿಕ್ಕಿ ಸುಣ್ಣ ಬಳಿದ ಗೋಡೆ ನೋಡೋಕೆ ಕಡಿಮೆ ಇಲ್ಲ.

ಮೂರನೆಯದು, "ದುಡ್ಡಿದ್ದೋರು ಆರ್‌ಸಿಸಿ ಕಟ್ಟಲಿ ಬಿಡ್ರಿ." ಕಟ್ಟಲಿ, ನಮ್ಮದೇನೂ ತಕರಾರಿಲ್ಲ. ಆದರೆ 14 ಲಕ್ಷ ಇಲ್ಲದವರು ಸಿಮೆಂಟ್ ಗಿಲಾವಕ್ಕೆ ಬರ್ತಾರೆ, ಅವರದೇ ನಮ್ಮ ಚಿಂತೆ.

ಬಿದ್ದ ಮೇಲೆ ಬರೋ ದುಡ್ಡು

ಸರ್ಕಾರದ ಪರಿಹಾರದ ನಿಯಮವನ್ನೂ ಓದಿದೆವು. ಕೇಂದ್ರದ 2022ರಿಂದ 2026ರ ಅವಧಿಯ ವಿಪತ್ತು ಪರಿಹಾರ ಮಾರ್ಗಸೂಚಿಯ ಪ್ರಕಾರ ಬಯಲು ಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಕಚ್ಚಾ ಮನೆಗೆ ಭಾಗಶಃ ಹಾನಿ ಆಗಿದ್ದರೆ, ಅದೂ ಕನಿಷ್ಠ ಶೇ 15ರಷ್ಟು ಹಾನಿ ಆಗಿದ್ದರೆ, 4,000 ರೂಪಾಯಿ. ರಾಜ್ಯ ಸರ್ಕಾರ ಇದಕ್ಕೆ ಸೇರಿಸಿ ಕೊಟ್ಟದ್ದೂ ಇದೆ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಅದು ಒಳ್ಳೇದೇ, ಎಷ್ಟೋ ಮನೆ ಅದರಿಂದ ಮೇಲೆದ್ದವು.

ಆದರೆ ಈ ನಿಯಮದ ಒಳಗಿನ ಲೆಕ್ಕ ಗಮನಿಸಿ. ಹತ್ತು ಅಡಿ ಗೋಡೆ ಬಿದ್ದ ನಮ್ಮಂಥವರಿಗೆ 4,000, ಗೌಂಡಿಯ ನಾಲ್ಕು ದಿನದ ಕೂಲಿ. ಮಳೆಗಾಲದ ಮುಂಚೆ ಛಜ್ಜಾ ಹಾಕಿಸಿ, ಬುಡಕ್ಕೆ ಕಲ್ಲು ಕಟ್ಟಿಸಿ ಗೋಡೆ ಉಳಿಸಿಕೊಂಡವರಿಗೆ ಸೊನ್ನೆ. ಕೊಡೋ ದುಡ್ಡೆಲ್ಲ ಬಿದ್ದ ಮೇಲೆ. 12,000ದ ಛಜ್ಜಾಕ್ಕೆ ಬೇಸಿಗೆಯಲ್ಲಿ ಅರ್ಧ ಸಹಾಯ ಕೊಟ್ಟರೂ ಸರ್ಕಾರಕ್ಕೇ ಉಳಿತಾಯ ಅಲ್ಲವಾ? ಒಂದು ಪೂರ್ತಿ ಬಿದ್ದ ಮನೆಯ 1,20,000ದಲ್ಲಿ ಇಪ್ಪತ್ತು ಮನೆಗೆ ಆರಾರು ಸಾವಿರ ಕೊಡಬಹುದು. ದನಕರು, ಮನುಷ್ಯರ ಜೀವದ ಮಾತು ಬೇರೆ.

ಹಾಗಾದರೆ ನಾವೇನ್ ಮಾಡಬಹುದು?

ಸರ್ಕಾರ ಮಾಡಲಿ ಅಂತ ಬರೆದು ಮುಗಿಸೋದು ಸುಲಭ. ಆದರೆ ಈ ಪತ್ರಿಕೆ ಓದೋರು ಸರ್ಕಾರ ಅಲ್ಲ, ನಾವೇ. ಹಾಗಾಗಿ ನಮ್ಮ ಕೈಲಾಗೋ ಕೆಲಸ ಹೇಳ್ತೀವಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನೋ ಕೇಂದ್ರ ಶುರುವಾಯ್ತು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಒತ್ತಿ ಮಾಡೋ ಇಟ್ಟಂಗಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಆ ಇಟ್ಟಂಗಿಗೆ ಐಎಸ್ 1725 ಅನ್ನೋ ಮಾನದಂಡವೂ ಇದೆ. ಎರೆ ಮಣ್ಣಿನಂಥ ಜಿಗುಟು ಮಣ್ಣಿಗೆ ಸಿಮೆಂಟಿಗಿಂತ ಸುಣ್ಣ ಚೆನ್ನಾಗಿ ಹೊಂದುತ್ತೆ ಅನ್ನೋದೂ ಪುಸ್ತಕದಲ್ಲಿ ಇದೆ. ಅಂದ್ರೆ ವಿದ್ಯೆ ಇದೆ, ಕನ್ನಡ ನಾಡಿನಲ್ಲೇ ಇದೆ. ಬಿಜ್ಜರಗಿ ತನಕ ಬಂದಿಲ್ಲ ಅಷ್ಟೇ.

ನಮ್ಮ ಕಾಲೇಜಿನ ಎನ್ಎಸ್ಎಸ್ ಕ್ಯಾಂಪ್ ಪ್ರತಿ ವರ್ಷ ಒಂದು ಹಳ್ಳಿಗೆ ಹೋಗುತ್ತೆ. ಕಸ ಗುಡಿಸ್ತೀವಿ, ಜಾಥಾ ಮಾಡ್ತೀವಿ, ಶಾಲೆ ಗೋಡೆಗೆ ಬಣ್ಣ ಬಳೀತೀವಿ. ಈ ಸಲ ಎರಡು ದಿನ ಮನೆಗಳ ಗೋಡೆ ನೋಡೋಕೆ ಇಡೋಣ. ಐದೇ ಪ್ರಶ್ನೆ ಸಾಕು:

1. ತೊಲೆ ಕೂತಿರೋದು ಕಂಬದ ಮೇಲೋ, ಗೋಡೆಯ ಮೇಲೋ?
2. ಗೋಡೆಯ ಬುಡದಲ್ಲಿ ಉಪ್ಪು ಒಡೆದಿದೆಯಾ, ಮಣ್ಣು ಉದುರ್ತಾ ಇದೆಯಾ?
3. ಸಿಮೆಂಟ್ ಗಿಲಾವ ಇದ್ದರೆ ಬೆರಳಿಂದ ಬಡಿದಾಗ ಟೊಳ್ಳು ಸದ್ದು ಬರುತ್ತಾ?
4. ಮಾಳಿಗೆಯ ನೀರು, ಓಣಿಯ ನೀರು ಎಲ್ಲಿ ಬೀಳುತ್ತೆ, ಎಲ್ಲಿ ನಿಲ್ಲುತ್ತೆ?
5. ಮಳೆ ಹೊಡೆಯೋ ದಿಕ್ಕಿನ ಗೋಡೆಗೆ ಛಜ್ಜಾ ಇದೆಯಾ?

ಇದಕ್ಕೆ ಮಷಿನ್ ಬೇಡ, ಲ್ಯಾಬ್ ಬೇಡ. ಮಣ್ಣು ಪರೀಕ್ಷೆಗೂ ಒಂದು ಗಾಜಿನ ಬಾಟಲಿ ಸಾಕು. ಮಣ್ಣು, ನೀರು ಹಾಕಿ ಕುಲುಕಿ ಒಂದು ದಿನ ಇಟ್ಟರೆ ಉಸುಕು ಕೆಳಗೆ, ಜಿಗುಟು ಮಣ್ಣು ಮೇಲೆ ಪದರ ಪದರವಾಗಿ ಕೂರುತ್ತೆ. ಯಾವುದು ಎಷ್ಟು ಅಂತ ಪಟ್ಟಿ ಹಿಡಿದು ಅಳೀಬಹುದು. ಕಂಪ್ಯೂಟರ್ ಸೈನ್ಸ್ ಗೆಳೆಯರೇ, ನೀವು ನಗಬೇಡಿ, ನಿಮಗೂ ಕೆಲಸ ಇದೆ. ಗೋಡೆಯ ಅಳತೆ ಹಾಕಿದರೆ ನಾಲ್ಕೂ ದಾರಿಯ ಖರ್ಚು ಕನ್ನಡದಲ್ಲಿ ತೋರಿಸೋ ಒಂದು ಚಿಕ್ಕ ಆ್ಯಪ್ ಮಾಡಿಕೊಡಿ. ಅದರಲ್ಲಿ ಪ್ಲಾಸ್ಟರ್ ಅಂತ ಬೇಡ, ಗಿಲಾವ ಅಂತಲೇ ಬರಲಿ.

ಇನ್ನೊಂದು ಅವಸರದ ಕೆಲಸ ಇದೆ. ನಮ್ಮ ಗೋಡೆ ಎಬ್ಬಿಸಿದ ಗೌಂಡಿ ಕಾಕಾಗೆ ಅರವತ್ತು ದಾಟಿದೆ. ಮಣ್ಣು ಎಷ್ಟು ದಿನ ಕೊಳೆಯಬೇಕು, ಹೊಟ್ಟು ಎಷ್ಟು ಬೀಳಬೇಕು ಅಂತ ಅವರು ಕಾಲಲ್ಲಿ ತುಳಿದು ಹೇಳ್ತಾರೆ. ಅವರ ಮಗ ಟೈಲ್ಸ್ ಕೆಲಸಕ್ಕೆ ಪುಣೆಗೆ ಹೋಗ್ತಾನೆ. "ನಾ ಹ್ವಾದ್ರ ಈ ಕೆಲಸಾ ಯಾರಿಗೂ ಬರಾಂಗಿಲ್ಲ ನೋಡ್ರಿ" ಅಂತ ಅವರು ದುಃಖದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದರು. ಅವರ ಹತ್ತಿರ ಕೂತು ಬರೆದುಕೊಳ್ಳೋಕೆ ನಮಗೆ ಕನ್ನಡ ಬೇಕು, ನಮ್ಮ ಊರಿನ ಕನ್ನಡ. ಕನ್ನಡ ಸಂಘ ಅಂದ್ರೆ ನವೆಂಬರ್ ಒಂದರ ಡ್ಯಾನ್ಸ್ ಅಷ್ಟೇ ಅಲ್ಲ ಅಂತ ನಮಗನ್ನಿಸಿದ್ದು ಆಗಲೇ.

ಕೊನೆಗೆ ನಮ್ಮ ಮನೆಯ ಮಾತು. ಅಪ್ಪ ನಮ್ಮ ಲೆಕ್ಕದ ಹಾಳೆಯನ್ನ ಎರಡು ಸಲ ಓದಿದರು. ಅವರಿಗೆ ಎರಡನೇ ದಾರಿ, ಬ್ಲಾಕಿನ ಗೋಡೆ ಇಷ್ಟ ಇತ್ತು. 1,30,000 ಕೈಯಲ್ಲಿ ಇರಲಿಲ್ಲ, ಸಾಲ ಮಾಡೋಕೆ ಅವ್ವ ಒಪ್ಪಲಿಲ್ಲ. ಒಣದ್ರಾಕ್ಷಿ ಮಾರಿದ ದುಡ್ಡಲ್ಲಿ ನಾಲ್ಕನೇ ದಾರಿ ಹಿಡಿದೆವು. ಕೆಲಸ ಮುಗಿದಾಗ 68,000 ಇದ್ದದ್ದು 73,000 ಆಯ್ತು, ಯಾಕಂದ್ರೆ ಓಣಿಯ ನೀರು ಬೇರೆ ಕಡೆ ತಿರುಗಿಸೋ ಗಟಾರದ ಖರ್ಚು ನಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಅಪ್ಪ ನಕ್ಕು, "ಇದರಾಗ ಎಷ್ಟ್ ಮಾರ್ಕ್ಸ್ ಕೊಡ್ಲಿ?" ಅಂದರು.

ಆಯಿ ಮತ್ತೆ ಆ ಗೋಡೆಯ ಪಕ್ಕ ಹಾಸಿಗೆ ಹಾಕಿಕೊಂಡಿದ್ದಾಳೆ. ನಾವೇ ಬೇಡ ಅಂದೆವು, ಒಂದು ಮಳೆಗಾಲ ಹೋಗಲಿ, ನೋಡೋಣ ಅಂತ. ಈಗ ನಡುಮನೆಗೆ ಸರಿದಿದ್ದಾಳೆ, ಸಿಟ್ಟು ಮಾಡಿಕೊಂಡು. ಸೆಪ್ಟೆಂಬರ್ ಮಳೆ ಬಂದು ಹೋದ ಮೇಲೆ ಗೋಡೆಗೆ ಕೈ ಹಚ್ಚಿ ನೋಡಿ, ನಮ್ಮ ಲೆಕ್ಕ ಸರಿ ಇತ್ತೋ ತಪ್ಪಿತ್ತೋ ಇದೇ ಪತ್ರಿಕೆಯಲ್ಲಿ ಬರೀತೀವಿ.

ಅಷ್ಟರೊಳಗೆ, ಈ ಬೇಸಿಗೆ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಪಶ್ಚಿಮದ ಗೋಡೆಯನ್ನ ಬೆರಳಿಂದ ಒಮ್ಮೆ ಬಡಿದು ನೋಡ್ರಿ. ಟೊಳ್ಳು ಸದ್ದು ಬಂದರೆ ಕನ್ನಡ ಸಂಘದವರಿಗೆ ತಿಳಿಸಿ. ಸಿವಿಲ್ ಎರಡನೇ ವರ್ಷದವರು ನಾವು ನಾಲ್ಕೈದು ಜನ ಬಂದು ನೋಡ್ತೀವಿ. ಲೆಕ್ಕದಲ್ಲಿ ಈ ಸಲ ಗಟಾರ ಮರೆಯಲ್ಲ.